ಸ್ವಂತ ವೆಬ್‌ಸೈಟಿಗೆ ಯಾವ ಸಾಫ್ಟ್‌ವೇರ್: ವರ್ಷ ಬಿಟ್ಟು ಬಂದರೂ ಕೈಕೊಡದ್ದು

ನನ್ನ ಸೈಟಿನಲ್ಲಿ ಒಂದೇ ಒಂದು ಸಾಲು ತಿದ್ದಬೇಕಿತ್ತು. ಇಮೇಲ್ ವಿಳಾಸ ಹಳೆಯದಾಗಿತ್ತು, ಅದನ್ನು ತೆಗೆದು ಹೊಸದನ್ನು ಹಾಕಬೇಕು, ಅಷ್ಟೇ. ಸೈಟನ್ನು ಮುಟ್ಟಿ ಹದಿನಾಲ್ಕು ತಿಂಗಳಾಗಿತ್ತು. ಫೈಲ್ ತೆರೆದೆ, ಸಾಲು ತಿದ್ದಿದೆ, ಸೈಟನ್ನು ಮತ್ತೆ ಕಟ್ಟುವ ಕಮಾಂಡ್ ಕೊಟ್ಟೆ. ಪರದೆ ತುಂಬ ಕೆಂಪು ಅಕ್ಷರ. ಈ ಹದಿನಾಲ್ಕು ತಿಂಗಳಲ್ಲಿ ನನ್ನ ಕಂಪ್ಯೂಟರ್ ಬದಲಾಗಿತ್ತು, ಸೈಟ್ ಕಟ್ಟುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು, ಅದು ನೆಚ್ಚಿಕೊಂಡಿದ್ದ ನೂರಾರು ಸಣ್ಣ ಪ್ಯಾಕೇಜುಗಳಲ್ಲಿ ಎರಡು ಮೂರಕ್ಕೆ ಒಂದಕ್ಕೊಂದು ಹೊಂದಿಕೆಯೇ ಇರಲಿಲ್ಲ. ಸಂಜೆ ಆರಕ್ಕೆ ಕೂತವನು ಎದ್ದಾಗ ರಾತ್ರಿ ಹನ್ನೊಂದೂವರೆ.

ಅವತ್ತಿನಿಂದ ನಾನು ಟೂಲ್ ಆರಿಸುವ ರೀತಿ ಬದಲಾಯಿತು. ಸೈಟ್ ಶುರು ಮಾಡುವ ದಿನ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ, ಎಷ್ಟೇ ಕಷ್ಟದ್ದಾದರೂ ಓದಿ, ವಿಡಿಯೋ ನೋಡಿ ಕಲಿತುಬಿಡುತ್ತೇವೆ. ಆ ದಿನಕ್ಕೆ ಯಾವ ಟೂಲ್ ಆದರೂ ನಡೆಯುತ್ತದೆ. ಯೋಚಿಸಬೇಕಾದದ್ದು ಇನ್ನೊಂದು ದಿನದ ಬಗ್ಗೆ: ಒಂದು ವರ್ಷ ಬಿಟ್ಟು, ಕಲಿತದ್ದೆಲ್ಲ ಮರೆತು, ಒಂದು ತಪ್ಪಕ್ಷರ ತಿದ್ದಲು ಬಂದು ಕೂರುತ್ತೀರಲ್ಲ, ಆ ದಿನ. ಸ್ವಂತ ಸೈಟ್ ಇಟ್ಟುಕೊಂಡವರಿಗೆ ಅದು ಬಂದೇ ಬರುತ್ತದೆ.

ಮೊದಲು ವೆಬ್‌ಸೈಟ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ, ಆಮೇಲೆ ಟೂಲುಗಳ ಹೆಸರು ಹೆದರಿಸುವುದಿಲ್ಲ. ಯಾರೋ ನಿಮ್ಮ ಸೈಟಿನ ಹೆಸರನ್ನು ಬ್ರೌಸರಿನಲ್ಲಿ ಹೊಡೆಯುತ್ತಾರೆ. ಬ್ರೌಸರ್ ಆ ಹೆಸರನ್ನು ಡಿಎನ್‌ಎಸ್ ಅನ್ನುವ ವ್ಯವಸ್ಥೆಗೆ ಕೊಟ್ಟು, ಅದು ಯಾವ ಯಂತ್ರದಲ್ಲಿದೆ ಅಂತ ಒಂದು ಸಂಖ್ಯೆ ಪಡೆಯುತ್ತದೆ. ಆ ಯಂತ್ರದ ಬಳಿ ಹೋಗಿ "ಈ ಪುಟ ಕೊಡು" ಅನ್ನುತ್ತದೆ. ಅಲ್ಲಿರುವ ಸರ್ವರ್ ಪುಟ ಕಳಿಸುತ್ತದೆ. ಬಂದದ್ದು ಎಚ್‌ಟಿಎಂಎಲ್, ಅಂದರೆ ಗುರುತು ಹಾಕಿದ ಬರಹ. ಅದರ ಜೊತೆ ಅಂದಚೆಂದಕ್ಕೆ ಸಿಎಸ್‌ಎಸ್ ಮತ್ತೆ ಚಿತ್ರಗಳು. ಮುಗಿಯಿತು. ಆ ಪುಟವನ್ನು ನೀವು ಕೈಯಲ್ಲಿ ಬರೆದಿರೋ, ಯಾವ ಸಾಫ್ಟ್‌ವೇರ್ ಮಾಡಿಕೊಟ್ಟಿತೋ, ಓದುಗರ ಬ್ರೌಸರಿಗೆ ಗೊತ್ತೂ ಆಗುವುದಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ.

ಅಂದರೆ ಇಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ: ಹೆಸರು, ಫೈಲುಗಳು, ಅವು ಇರುವ ಜಾಗ. ಡೊಮೇನ್, ಬರಹ, ಹೋಸ್ಟಿಂಗ್. ಇವು ಮೂರೂ ಬಿಡಿಬಿಡಿಯಾಗಿದ್ದರೆ ಒಂದು ಕೆಟ್ಟಾಗ ಅದೊಂದನ್ನು ಬದಲಿಸಬಹುದು. ಮೂರನ್ನೂ ಒಂದೇ ಕಡೆ ಒಂದೇ ಗಂಟು ಹಾಕಿಕೊಂಡರೆ ಒಂದನ್ನು ಎಳೆದಾಗ ಮೂರೂ ಬರುತ್ತವೆ. ನಾನು ನೋಡಿದ ಪೇಚಾಟಗಳಲ್ಲಿ ಹೆಚ್ಚಿನವು ಈ ಗಂಟಿನಿಂದಲೇ ಆದದ್ದು.

ಎಚ್‌ಟಿಎಂಎಲ್ ಎಷ್ಟು ಗಟ್ಟಿ ಅಂತ ಗೊತ್ತಾಗಬೇಕಾದರೆ ಒಂದು ಉದಾಹರಣೆ ಸಾಕು. ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಅನ್ನುವ ಭೌತವಿಜ್ಞಾನ ಸಂಸ್ಥೆಯಲ್ಲಿ ಮೊದಲ ವೆಬ್‌ಸೈಟನ್ನು 1991ರ ಹೊತ್ತಿಗೆ ನಿಲ್ಲಿಸಿದ್ದರು. ಅದರ 1992ರ ಪ್ರತಿಯೊಂದನ್ನು ಸರ್ನ್ 2013ರಲ್ಲಿ ಮತ್ತೆ ಹಳೆಯ ವಿಳಾಸದಲ್ಲೇ ಇಟ್ಟಿತು. ಇವತ್ತಿನ ಫೋನಿನಲ್ಲಿ ತೆರೆದರೂ ಓದಬಹುದು. ಅದೇ ಕಾಲದ ಯಾವುದೋ ವರ್ಡ್ ಪ್ರೊಸೆಸರಿನ ಫೈಲನ್ನು ಇವತ್ತು ತೆರೆಯಲು ಹೊರಟರೆ ಪಾಡು ಬೇರೆ.

ಇನ್ನು ಟೂಲುಗಳು. ನೂರಾರು ಇವೆ, ಆದರೆ ಒಂದು ಪ್ರಶ್ನೆ ಕೇಳಿದರೆ ಎಲ್ಲವೂ ಮೂರ್ನಾಲ್ಕು ಗುಂಪಿಗೆ ಬಂದು ಕೂರುತ್ತವೆ: ಪುಟ ತಯಾರಾಗುವುದು ಯಾವಾಗ, ಯಾರ ಯಂತ್ರದಲ್ಲಿ?

ಒಂದು ಗುಂಪಿನಲ್ಲಿ ಎಲ್ಲವೂ ಬೇರೆಯವರ ಯಂತ್ರದಲ್ಲೇ ಆಗುತ್ತದೆ. ವಿಕ್ಸ್, ಸ್ಕ್ವೇರ್‌ಸ್ಪೇಸ್ ಇಂಥವು. ಬ್ರೌಸರಿನಲ್ಲಿ ಎಳೆದು ಬಿಟ್ಟು ಪುಟ ಜೋಡಿಸುತ್ತೀರಿ, ಸರ್ವರ್, ಅಪ್‌ಡೇಟ್, ಭದ್ರತೆ ಯಾವುದೂ ನಿಮ್ಮ ತಲೆನೋವಲ್ಲ. ವರ್ಷ ಬಿಟ್ಟು ಬಂದರೂ ಪಾಸ್‌ವರ್ಡ್ ನೆನಪಿದ್ದರೆ ಸಾಕು, ಸಾಲು ತಿದ್ದಿ ಹೋಗಬಹುದು. ಆ ಲೆಕ್ಕದಲ್ಲಿ ಇದು ನಿಜಕ್ಕೂ ಒಳ್ಳೆಯದು, ತಾಂತ್ರಿಕ ಜನ ಇದನ್ನು ಸುಮ್ನೆ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಗಂಟು ಇರುವುದೂ ಇಲ್ಲೇ. ಬರಹವನ್ನು ಹೊರಗೆ ತೆಗೆಯಬಹುದಾ, ತೆಗೆದರೆ ಯಾವ ರೂಪದಲ್ಲಿ ಬರುತ್ತದೆ, ಚಿತ್ರಗಳು ಜೊತೆಗೆ ಬರುತ್ತವಾ ಅನ್ನುವುದನ್ನು ಸೇರುವ ಮೊದಲೇ ನೋಡಬೇಕು. ಜಿಯೋಸಿಟೀಸ್ ಅನ್ನುವ ಇಂಥದೇ ಸೇವೆ 1994ರಲ್ಲಿ ಶುರುವಾಯಿತು, ಲಕ್ಷಾಂತರ ಜನ ಅಲ್ಲಿ ತಮ್ಮ ಮೊದಲ ಪುಟ ಮಾಡಿದರು, 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರಲ್ಲಿ ಮುಚ್ಚಿತು. ಆಪಲ್‌ನ ಐವೆಬ್ ಅನ್ನುವ ಸಾಫ್ಟ್‌ವೇರ್ ಬಳಸಿ ಅದರದೇ ಮೊಬೈಲ್‌ಮಿ ಸೇವೆಯಲ್ಲಿ ಸೈಟ್ ಇಟ್ಟವರಿಗೂ 2012ರ ಜೂನ್ 30 ಕೊನೆಯ ದಿನವಾಯಿತು. ಸೇವೆ ಮುಚ್ಚುವುದು ಅಪರೂಪವೇನಲ್ಲ, ಅಲ್ವಾ? ಹೆಸರು ನಿಮ್ಮದೇ ಆಗಿದ್ದು ಬರಹದ ಪ್ರತಿ ಕೈಯಲ್ಲಿದ್ದರೆ ಅದು ಮನೆ ಬದಲಿಸಿದಷ್ಟೇ ಕಷ್ಟ. ಇಲ್ಲದಿದ್ದರೆ ಎಲ್ಲ ಹೋದಂತೆ.

ಎರಡನೆಯದು ವರ್ಡ್‌ಪ್ರೆಸ್‌ನಂಥವು. 2003ರಲ್ಲಿ ಬಂದದ್ದು, ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ಐದರಲ್ಲಿ ಎರಡಕ್ಕಿಂತ ಜಾಸ್ತಿ ಅದರ ಮೇಲೆ ನಡೆಯುತ್ತವೆ. ಇಲ್ಲಿ ಬರಹ ಫೈಲಿನಲ್ಲಿ ಇರುವುದಿಲ್ಲ, ಡೇಟಾಬೇಸಿನಲ್ಲಿ ಇರುತ್ತದೆ. ಯಾರಾದರೂ ಪುಟ ಕೇಳಿದಾಗ ಪಿಎಚ್‌ಪಿ ಅನ್ನುವ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡಿ, ಡೇಟಾಬೇಸಿನಿಂದ ಬರಹ ಎತ್ತಿ, ಥೀಮಿನ ಅಚ್ಚಿಗೆ ತುಂಬಿ, ಆ ಕ್ಷಣದಲ್ಲಿ ಪುಟ ತಯಾರಿಸಿ ಕಳಿಸುತ್ತದೆ. ಹಾಗಾಗಿಯೇ ಫೋನಿನಲ್ಲಿ ಕೂತು ಬರೆಯಬಹುದು, ಇಬ್ಬರು ಮೂವರು ಸೇರಿ ಬರೆಯಬಹುದು, ಹುಡುಕಾಟ, ಫಾರ್ಮು, ಎಲ್ಲ ಇಡಬಹುದು.

ಬೆಲೆ ತೆರುವುದು ಎಲ್ಲಿ ಅಂದರೆ, ಆ ಪ್ರೋಗ್ರಾಂ ಹಗಲೂ ರಾತ್ರಿ ಇಂಟರ್ನೆಟ್ಟಿಗೆ ಬಾಗಿಲು ತೆರೆದುಕೊಂಡು ಓಡುತ್ತಿರುತ್ತದೆ. ಅದರಲ್ಲಿ ಒಂದು ಕಿಂಡಿ ಸಿಕ್ಕರೆ ನುಗ್ಗಲು ಸ್ವಯಂಚಾಲಿತ ಪ್ರೋಗ್ರಾಂಗಳು ಸದಾ ತಡಕಾಡುತ್ತಿರುತ್ತವೆ. ನಿಮ್ಮ ಸೈಟ್ ಸಣ್ಣದು, ಯಾರಿಗೆ ಬೇಕು ಅಂತ ಅಂದುಕೊಳ್ಳಬೇಡಿ, ಅವು ಸೈಟಿನ ಗಾತ್ರ ನೋಡುವುದಿಲ್ಲ. ವರ್ಡ್‌ಪ್ರೆಸ್‌ನ ತಿರುಳು ಚೆನ್ನಾಗಿಯೇ ಕಾಪಾಡಲ್ಪಟ್ಟಿದೆ. 2013ರ 3.7 ಆವೃತ್ತಿಯಿಂದ ಭದ್ರತೆಯ ಸಣ್ಣ ಅಪ್‌ಡೇಟುಗಳು ತಾವಾಗಿಯೇ ಆಗುತ್ತವೆ. ತೊಂದರೆ ಬರುವುದು ಹೆಚ್ಚಾಗಿ ಪ್ಲಗಿನ್‌ಗಳಿಂದ, ಅಂದರೆ ಹೊಸ ಸೌಲಭ್ಯಕ್ಕಾಗಿ ಮೇಲಿಂದ ಸೇರಿಸುವ ಸಣ್ಣ ಪ್ರೋಗ್ರಾಂಗಳಿಂದ. ಇಪ್ಪತ್ತು ಪ್ಲಗಿನ್ ಹಾಕಿದರೆ ಇಪ್ಪತ್ತು ಜನ ಬರೆದ ಕೋಡನ್ನು ನಂಬಿದಂತೆ, ಅದರಲ್ಲಿ ಒಬ್ಬರು ಆಸಕ್ತಿ ಕಳೆದುಕೊಂಡು ನಿರ್ವಹಣೆ ಬಿಟ್ಟರೂ ಆ ಕಿಂಡಿ ನಿಮ್ಮ ಸೈಟಿನದ್ದಾಗುತ್ತದೆ. ಆದ್ದರಿಂದ ವರ್ಡ್‌ಪ್ರೆಸ್ ಆರಿಸಿದರೆ ತಿಂಗಳಿಗೊಮ್ಮೆ ಒಳಗೆ ಹೋಗಿ ನೋಡುವ ಅಭ್ಯಾಸ ಬೇಕು. ಬಳಸದ ಪ್ಲಗಿನ್ನನ್ನು ಆಫ್ ಮಾಡಿ ಬಿಡಬೇಡಿ, ಅಳಿಸಿಯೇಬಿಡಿ, ಯಾಕೆಂದರೆ ಆಫ್ ಆದದ್ದರ ಫೈಲುಗಳು ಸರ್ವರಿನಲ್ಲಿ ಇದ್ದೇ ಇರುತ್ತವೆ. ಆರು ತಿಂಗಳು ತಿರುಗಿ ನೋಡುವುದಿಲ್ಲ ಅನ್ನುವವರಿಗೆ, ಅಪ್‌ಡೇಟು ಬ್ಯಾಕಪ್ಪುಗಳನ್ನು ಹೋಸ್ಟಿಂಗ್ ಕಡೆಯವರೇ ನೋಡಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ, ಇದು ಸರಿಹೊಂದುವುದಿಲ್ಲ.

ಮೂರನೆಯ ಗುಂಪು ನನಗೆ ಹತ್ತಿರದ್ದು. ಇಲ್ಲಿ ಪುಟಗಳು ಮೊದಲೇ ತಯಾರಾಗಿರುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ನಿಮ್ಮ ಬರಹಗಳನ್ನೂ ಒಂದು ಅಚ್ಚನ್ನೂ ಸೇರಿಸಿ, ಇಡೀ ಸೈಟಿನ ಎಚ್‌ಟಿಎಂಎಲ್ ಫೈಲುಗಳನ್ನು ಒಂದು ಫೋಲ್ಡರಿಗೆ ಬರೆದು ಕೊಡುತ್ತದೆ. ಆ ಫೋಲ್ಡರನ್ನು ಸರ್ವರಿಗೆ ಸಾಗಿಸಿದರೆ ಆಯಿತು. ಸರ್ವರಿನಲ್ಲಿ ಓಡುವ ಪ್ರೋಗ್ರಾಂ ಇಲ್ಲ, ಡೇಟಾಬೇಸ್ ಇಲ್ಲ, ನುಗ್ಗಲು ಕಿಂಡಿಗಳೂ ಬಹಳ ಕಡಿಮೆ. ಐದು ವರ್ಷ ಮುಟ್ಟದಿದ್ದರೂ ಪುಟ ಹಾಗೇ ತೆರೆಯುತ್ತದೆ. ಇಂಥವನ್ನು ಸ್ಟ್ಯಾಟಿಕ್ ಸೈಟ್ ಜನರೇಟರ್ ಅನ್ನುತ್ತಾರೆ. 2008ರ ಜೆಕಿಲ್, 2013ರ ಹ್ಯೂಗೊ, ಆಮೇಲೆ ಬಂದ ಇಲೆವೆಂಟಿ ಹೆಸರಾದವು.

ಬರಹವನ್ನು ಸಾಮಾನ್ಯವಾಗಿ ಮಾರ್ಕ್‌ಡೌನ್‌ನಲ್ಲಿ ಬರೆಯುತ್ತೀರಿ. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಸರಳ ಪದ್ಧತಿ ಅದು. ತಲೆಬರಹದ ಶುರುವಿನಲ್ಲಿ ಒಂದು ಹ್ಯಾಶ್ (#) ಗುರುತು, ಒತ್ತಿ ಹೇಳಬೇಕಾದ ಪದದ ಎರಡೂ ಬದಿಗೆ ನಕ್ಷತ್ರ, ಪ್ಯಾರಾ ನಡುವೆ ಖಾಲಿ ಸಾಲು. ಯಾವ ಸಾಫ್ಟ್‌ವೇರೂ ಇಲ್ಲದೆ ಬರಿಗಣ್ಣಿನಲ್ಲೇ ಓದಬಹುದು, ಅದೇ ಅದರ ದೊಡ್ಡ ಗುಣ. ಆದರೆ ಒಂದು ಎಚ್ಚರಿಕೆ ಬೇಕು. ಪ್ರತಿ ಜನರೇಟರಿಗೂ ತನ್ನದೇ ವಿಶೇಷ ಗುರುತುಗಳಿರುತ್ತವೆ: ವಿಡಿಯೋ ಕೂರಿಸಲು ಒಂದು, ಚಿತ್ರದ ಸಾಲಿಗೆ ಒಂದು, ಹೀಗೆ. ಬಳಸಲು ಚೆನ್ನ. ಬಳಸಿದಷ್ಟೂ ನಿಮ್ಮ ಬರಹ ಆ ಟೂಲಿಗೆ ಅಂಟಿಕೊಳ್ಳುತ್ತದೆ. ನಾನು ಟೂಲ್ ಬದಲಿಸಿದಾಗ ಬರಹ ಮಾತ್ರ ಇದ್ದ ಪುಟಗಳೆಲ್ಲ ಅರ್ಧ ಗಂಟೆಯಲ್ಲಿ ಬಂದುಬಿಟ್ಟವು. ಈ ವಿಶೇಷ ಗುರುತು ಬಳಸಿದ್ದ ನಲವತ್ತು ಚಿಲ್ಲರೆ ಪುಟಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದಬೇಕಾಯಿತು, ಎರಡು ಭಾನುವಾರ ಹಿಡಿಯಿತು.

ನಾನು ಶುರುವಿನಲ್ಲಿ ಹೇಳಿದ ಕೆಂಪು ಅಕ್ಷರದ ಕಥೆಯೂ ಈ ಗುಂಪಿನದೇ. ಪುಟ ಗಟ್ಟಿ, ನಿಜ. ಪುಟ ಕಟ್ಟುವ ಯಂತ್ರ ಅಷ್ಟು ಗಟ್ಟಿ ಇರಬೇಕಂತಿಲ್ಲ. ಆದ್ದರಿಂದ ಜನರೇಟರ್ ಆರಿಸುವಾಗ ಅದು ಎಷ್ಟು ವೇಗ, ಎಷ್ಟು ಥೀಮ್ ಇವೆ ಅನ್ನುವುದಕ್ಕಿಂತ ಮೊದಲು ನೋಡಬೇಕಾದದ್ದು ಅದು ಓಡಲು ಏನೇನು ಬೇಕು ಅನ್ನುವುದನ್ನು. ಜೆಕಿಲ್‌ಗೆ ರೂಬಿ ಭಾಷೆಯ ಸರಿಯಾದ ಆವೃತ್ತಿ ಬೇಕು, ಇಲೆವೆಂಟಿಗೆ ಜಾವಾಸ್ಕ್ರಿಪ್ಟ್ ಭಾಷೆಯನ್ನು ಓಡಿಸುವ ನೋಡ್ ಮತ್ತೆ ಅದರ ಪ್ಯಾಕೇಜುಗಳು ಬೇಕು. ಹ್ಯೂಗೊ ಗೋ ಭಾಷೆಯಲ್ಲಿ ಬರೆದದ್ದು, ಒಂದೇ ಫೈಲಾಗಿ ಸಿಗುತ್ತದೆ, ಇಳಿಸಿಕೊಂಡು ಓಡಿಸಿದರೆ ಸಾಕು. ಹಾಗಂತ ಹ್ಯೂಗೊ ಬದಲಾಗುವುದಿಲ್ಲ ಅಂತಲ್ಲ. ಹೊಸ ಆವೃತ್ತಿಗಳಲ್ಲಿ ಹಳೆಯ ಅಚ್ಚುಗಳು ಮುರಿಯುವುದುಂಟು. ಆದರೆ ಆ ಒಂದು ಫೈಲನ್ನೇ ನಿಮ್ಮ ಸೈಟಿನ ಫೋಲ್ಡರಿನ ಪಕ್ಕದಲ್ಲಿ ಎತ್ತಿಟ್ಟುಕೊಂಡರೆ, ಮೂರು ವರ್ಷ ಬಿಟ್ಟು ಬಂದರೂ ಅವತ್ತು ಕಟ್ಟಿದ ಹಾಗೇ ಕಟ್ಟುತ್ತದೆ. ಬರೀ ಬರಹದ ಬ್ಯಾಕಪ್ ಅಲ್ಲ, ಟೂಲಿನ ಬ್ಯಾಕಪ್ಪೂ ಇಟ್ಟುಕೊಳ್ಳಿ ಅಂತ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಇನ್ನು ಕೊನೆಯ ದಾರಿ, ಯಾವ ಟೂಲೂ ಇಲ್ಲದ್ದು. ಎಚ್‌ಟಿಎಂಎಲ್ ಅನ್ನು ಕೈಯಲ್ಲೇ ಬರೆಯುವುದು. ಐದಾರು ಪುಟದ ಸೈಟಿಗೆ, ಅಂದರೆ ನಾನು ಯಾರು, ಏನು ಕೆಲಸ ಮಾಡಿದ್ದೇನೆ, ಸಂಪರ್ಕ ಹೇಗೆ, ಇಷ್ಟಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಒಂದು ವಾರಾಂತ್ಯದಲ್ಲಿ ಕಲಿಯಬಹುದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಎಸ್ ಕೋಡ್, ಕೇಟ್, ಯಾವ ಎಡಿಟರ್ ಆದರೂ ಸಾಕು. ಪುಟ ಜಾಸ್ತಿ ಆದಾಗ ಮಾತ್ರ ಒಂದು ಸಮಸ್ಯೆ ಎದುರಾಗುತ್ತದೆ: ಪ್ರತಿ ಪುಟದ ಮೇಲ್ಗಡೆ ಅದೇ ಮೆನು ಇರುತ್ತದಲ್ಲ, ಅದರಲ್ಲಿ ಒಂದು ಲಿಂಕ್ ಸೇರಿಸಬೇಕಾದರೆ ಮೂವತ್ತು ಫೈಲು ತಿದ್ದಬೇಕು. ಜನರೇಟರುಗಳಿಗೆ ಜನ ಮೊದಲು ಹೋಗುವುದು ಬಹುಮಟ್ಟಿಗೆ ಈ ಒಂದು ಕಾರಣಕ್ಕೆ. ಆದರೆ ಅಷ್ಟಕ್ಕೇ ಹೋಗಬೇಕಾಗಿಲ್ಲ. ಎಡಿಟರಿನಲ್ಲಿ ಎಲ್ಲ ಫೈಲುಗಳಲ್ಲೂ ಒಟ್ಟಿಗೆ ಹುಡುಕಿ ಬದಲಿಸುವ ಸೌಲಭ್ಯ ಇದೆ. ಅಪಾಚಿಯಂಥ ಸರ್ವರುಗಳಲ್ಲಿ ಮೆನುವನ್ನು ಒಂದೇ ಫೈಲಿನಲ್ಲಿಟ್ಟು, "ಇಲ್ಲಿ ಆ ಫೈಲನ್ನು ಸೇರಿಸು" ಅಂತ ಪ್ರತಿ ಪುಟದಲ್ಲಿ ಒಂದು ಸಾಲು ಬರೆಯುವ ಹಳೆಯ ವಿಧಾನವೂ ಇದೆ, ಹೋಸ್ಟಿಂಗ್ ಅದನ್ನು ಬಿಟ್ಟಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲವೇ ಪ್ಯಾನ್‌ಡಾಕ್ ಅನ್ನುವ ಪರಿವರ್ತಕ 2006ರಿಂದ ಇದೆ, ಮಾರ್ಕ್‌ಡೌನ್ ಕೊಟ್ಟರೆ ಎಚ್‌ಟಿಎಂಎಲ್ ಕೊಡುತ್ತದೆ. ಹತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದುಕೊಂಡರೆ ಅದೇ ನಿಮ್ಮ ಜನರೇಟರ್. ನನ್ನ ಸೈಟ್ ಈಗ ನಡೆಯುತ್ತಿರುವುದು ಹೀಗೆಯೇ.

ಇಷ್ಟು ಹೇಳಿದ ಮೇಲೂ, ಯಾವುದು ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನೀವು ಬರೆಯುವುದು ಎಲ್ಲಿ ಕೂತು? ಫೋನಿನಲ್ಲಿ, ಪ್ರಯಾಣದಲ್ಲಿ ಬರೆಯುವವರು ಸ್ಟ್ಯಾಟಿಕ್ ಜನರೇಟರ್ ಹಿಡಿದರೆ ಬರೆಯುವುದನ್ನೇ ನಿಲ್ಲಿಸುತ್ತಾರೆ, ಅವರಿಗೆ ವರ್ಡ್‌ಪ್ರೆಸ್ ಅಥವಾ ಎಳೆದು ಬಿಡುವ ಸೇವೆಯೇ ಸರಿ. ಕಂಪ್ಯೂಟರಿನ ಮುಂದೆ ಕೂತು ನಿಧಾನ ಬರೆಯುವವರು, ವರ್ಷಕ್ಕೆ ಹತ್ತು ಹದಿನೈದು ಪುಟ ಹಾಕುವವರು, ಫೈಲುಗಳ ಕಡೆಗೆ ಬಂದರೆ ನೆಮ್ಮದಿ.

ಫೈಲುಗಳನ್ನು ಸರ್ವರಿಗೆ ಸಾಗಿಸುವ ಟೂಲ್ ಬಗ್ಗೆಯೂ ಒಂದೆರಡು ಮಾತು. ಹಳೆಯ ಎಫ್‌ಟಿಪಿ 1971ರಷ್ಟು ಹಿಂದಿನದು, ಅದರಲ್ಲಿ ಪಾಸ್‌ವರ್ಡ್ ಯಾವ ಮುಚ್ಚುಮರೆ ಇಲ್ಲದೆ ತಂತಿಯ ಮೇಲೆ ಹೋಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ಕೈಬಿಟ್ಟವು. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಇಂಥವುಗಳಲ್ಲಿ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಫ್‌ಟಿಪಿ ಆರಿಸಿ, ಬೇರೇನೂ ಮಾಡಬೇಕಿಲ್ಲ. ಆರ್‌ಸಿಂಕ್ ಅನ್ನುವ ಟೂಲ್ ಬಳಸಿದರೆ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಆದರೆ ಅದರ ಡಿಲೀಟ್ ಆಯ್ಕೆ ಹಾಕುವಾಗ ಮೊದಲು ಡ್ರೈ ರನ್, ಅಂದರೆ ನಿಜಕ್ಕೂ ಏನೂ ಬದಲಿಸದ ತಾಲೀಮು, ಮಾಡಿ ನೋಡಿ. ತಪ್ಪು ಫೋಲ್ಡರ್ ಕೊಟ್ಟರೆ ಸರ್ವರಿನಲ್ಲಿದ್ದದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ಫೈಲುಗಳ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಅನ್ನುವ ಟೂಲ್ ಗೊತ್ತಿದ್ದವರಿಗೆ ಗಿಟ್‌ಹಬ್ ಪೇಜಸ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಥರದ ಜಾಗಗಳಿವೆ, ಪುಶ್ ಮಾಡಿದರೆ, ಅಂದರೆ ಬದಲಾವಣೆಗಳನ್ನು ಅಲ್ಲಿಗೆ ಕಳಿಸಿದರೆ ಸಾಕು, ಕಟ್ಟುವ ಕೆಲಸವನ್ನೂ ಅವೇ ಮಾಡುತ್ತವೆ. ಅಲ್ಲಿ ಜನರೇಟರಿನ ಆವೃತ್ತಿ ಸಂಖ್ಯೆಯನ್ನು ನೀವೇ ಬರೆದು ಕಟ್ಟಿಹಾಕಿ. ಇಲ್ಲದಿದ್ದರೆ ಅವರ ಕಡೆ ಆವೃತ್ತಿ ಬದಲಾದ ದಿನ ನಿಮ್ಮ ಸೈಟ್ ಕಟ್ಟುವುದು ನಿಲ್ಲುತ್ತದೆ, ನೀವು ಏನೂ ಮುಟ್ಟಿರದಿದ್ದರೂ. ಗಿಟ್‌ನ ಇನ್ನೊಂದು ಉಪಕಾರ ಅಂದರೆ, ಹೋದ ವರ್ಷ ಯಾವ ಸಾಲನ್ನು ಯಾಕೆ ಬದಲಿಸಿದೆ ಅನ್ನುವುದು ಅದರಲ್ಲಿ ಉಳಿದಿರುತ್ತದೆ, ನಿಮ್ಮ ತಲೆಯಲ್ಲಿ ಉಳಿದಿರುವುದಿಲ್ಲ.

ಡೊಮೇನ್ ಹೆಸರನ್ನು ಹೋಸ್ಟಿಂಗ್ ಕೊಡುವವರ ಬಳಿಯೇ ಕೊಳ್ಳುವುದು ಸುಲಭ ಅನ್ನಿಸುತ್ತದೆ. ಬೇರೆ ಕಡೆ ಕೊಂಡರೆ ಒಳ್ಳೆಯದು. ಹೋಸ್ಟಿಂಗ್ ಜೊತೆ ಜಗಳವಾದರೂ ಹೆಸರು ನಿಮ್ಮ ಕೈಯಲ್ಲೇ ಇರುತ್ತದೆ, ಡಿಎನ್‌ಎಸ್‌ನಲ್ಲಿ ಒಂದು ಸಂಖ್ಯೆ ಬದಲಿಸಿದರೆ ಸೈಟ್ ಬೇರೆ ಯಂತ್ರಕ್ಕೆ ಹೋಯಿತು. ಡಾಟ್ ಕಾಮ್‌ನಂಥ ಹೆಸರುಗಳನ್ನು ಒಂದು ಸಲಕ್ಕೆ ಗರಿಷ್ಠ 10 ವರ್ಷಕ್ಕೆ ನೋಂದಾಯಿಸಬಹುದು. ಬಹಳ ಜನ ಗಮನಿಸದ ಒಂದು ಸುಳಿ ಇಲ್ಲಿದೆ: ಡೊಮೇನ್ ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಹೆಸರಿನ ಅವಧಿ ಮುಗಿದರೆ ಆ ಇಮೇಲ್ ನಿಲ್ಲುತ್ತದೆ, ಎಚ್ಚರಿಕೆಯ ಪತ್ರಗಳು ಬರುವುದೂ ಅಲ್ಲಿಗೇ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೂ ಅಲ್ಲಿಗೇ. ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಓದುಗರಿಗೂ ಸೈಟಿಗೂ ನಡುವಿನ ಮಾತನ್ನು ಗುಟ್ಟಾಗಿಡುವ ಎಚ್‌ಟಿಟಿಪಿಎಸ್ ಬಗ್ಗೆ ಈಗ ಅಷ್ಟು ಚಿಂತೆ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ದುಡ್ಡಿಲ್ಲದೆ ಕೊಡುತ್ತದೆ, ಅದು ಸಾಮಾನ್ಯವಾಗಿ 90 ದಿನಕ್ಕಷ್ಟೇ, ಆದ್ದರಿಂದ ತಾನಾಗಿಯೇ ನವೀಕರಣ ಆಗುವಂತೆ ಇದೆಯಾ ಅಂತ ಹೋಸ್ಟಿಂಗ್‌ನಲ್ಲಿ ಒಮ್ಮೆ ನೋಡಿಕೊಂಡರೆ ಸಾಕು.

ಪುಟಗಳ ವಿಳಾಸ ಮಾತ್ರ ಮೊದಲ ದಿನವೇ ಯೋಚಿಸಿ ಇಡಬೇಕಾದದ್ದು. ವಿಳಾಸ ಬದಲಾಗಬಾರದು ಅಂತ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ವಿಳಾಸದ ಕೊನೆಯಲ್ಲಿ ಪಿಎಚ್‌ಪಿ ಅಂತ ಇದ್ದರೆ, ಟೂಲ್ ಬದಲಿಸಿದ ದಿನ ಆ ವಿಳಾಸವೂ ಸಾಯುತ್ತದೆ, ಬೇರೆಯವರು ಕೊಟ್ಟ ಲಿಂಕುಗಳೂ ಸಾಯುತ್ತವೆ. ಟೂಲಿನ ಗುರುತೇ ಇಲ್ಲದ, ವಿಷಯದ ಹೆಸರು ಮಾತ್ರ ಇರುವ ವಿಳಾಸ ಇಡಿ. ವರ್ಡ್‌ಪ್ರೆಸ್‌ನಲ್ಲಿ ವಿಳಾಸದ ರೂಪ ಆರಿಸಲು ಪರ್ಮಾಲಿಂಕ್ ಸೆಟ್ಟಿಂಗ್ ಅಂತ ಇದೆ, ಮೊದಲ ಪುಟ ಹಾಕುವ ಮುಂಚೆ ಅದನ್ನು ಸರಿಮಾಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿಯೇ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿ.

ಕನ್ನಡದಲ್ಲಿ ಬರೆಯುವವರು ಕೈಯಲ್ಲಿ ಎಚ್‌ಟಿಎಂಎಲ್ ಮಾಡುವಾಗ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಸಂಕೇತ ಯುಟಿಎಫ್-8 ಅಂತ ಘೋಷಿಸುವ ಸಾಲನ್ನು ಫೈಲಿನ ತೀರಾ ಮೇಲ್ಗಡೆ, ಮೊದಲ 1024 ಬೈಟುಗಳ ಒಳಗೇ ಬರೆಯಬೇಕು. ನಮ್ಮ ಒಂದೊಂದು ಅಕ್ಷರ ಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟು ತೆಗೆದುಕೊಳ್ಳುತ್ತದೆ, ಬ್ರೌಸರ್ ಅದನ್ನು ಬೇರೆ ಸಂಕೇತ ಅಂತ ತಪ್ಪು ತಿಳಿದರೆ ಪುಟ ಪೂರ್ತಿ ಅರ್ಥವಿಲ್ಲದ ಗುರುತುಗಳಾಗುತ್ತದೆ. ಚಿತ್ರಗಳ ವಿಷಯದಲ್ಲಿ, ಫೋನಿನ ಫೋಟೊವನ್ನು ಹಾಗೇ ಏರಿಸಬೇಡಿ. ಗಾತ್ರ ಹಲವು ಎಂಬಿ ಇರುತ್ತದೆ ಅನ್ನುವುದು ಒಂದು. ಅದಕ್ಕಿಂತ ಮುಖ್ಯ, ಫೋಟೊ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೈಲಿನೊಳಗೆ ಅಡಗಿರಬಹುದು, ಅಂದರೆ ನಿಮ್ಮ ಮನೆ ಎಲ್ಲಿದೆ ಅಂತ ನೀವೇ ಹೇಳಿದಂತೆ. ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ತಿದ್ದುವ ಟೂಲಿನಲ್ಲಿ ಗಾತ್ರ ಕುಗ್ಗಿಸುವಾಗಲೇ ಸ್ಟ್ರಿಪ್ ಅನ್ನುವ ಆಯ್ಕೆ ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ.

ಬ್ಯಾಕಪ್ ಅಂದಾಗ ವರ್ಡ್‌ಪ್ರೆಸ್ ಬಳಸುವವರು ಒಂದನ್ನು ನೆನಪಿಡಬೇಕು. ಬರಹ ಡೇಟಾಬೇಸಿನಲ್ಲಿ, ಚಿತ್ರಗಳು ಫೋಲ್ಡರಿನಲ್ಲಿ. ಒಂದನ್ನು ಮಾತ್ರ ಉಳಿಸಿಕೊಂಡರೆ ಅರ್ಧ ಸೈಟ್. ಫೈಲಿನ ಸೈಟ್ ಆದರೆ ಇಡೀ ಫೋಲ್ಡರ್ ನಕಲು ಮಾಡಿದರೆ ಮುಗಿಯಿತು. ಯಾವುದೇ ಆಗಲಿ, ವರ್ಷಕ್ಕೊಮ್ಮೆ ಆ ಬ್ಯಾಕಪ್ಪಿನಿಂದ ಸೈಟನ್ನು ಬೇರೊಂದು ಕಡೆ ಎಬ್ಬಿಸಿ ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ನನ್ನ ಸೈಟಿನ ಫೋಲ್ಡರಿನಲ್ಲಿ ಈಗ "ಮೊದಲು ಇದನ್ನು ಓದು" ಅಂತ ಒಂದು ಸಾದಾ ಫೈಲ್ ಇದೆ. ಅದರಲ್ಲಿ ಯಾವ ಟೂಲು, ಯಾವ ಆವೃತ್ತಿ, ಕಟ್ಟುವ ಕಮಾಂಡ್, ಸಾಗಿಸುವ ಕಮಾಂಡ್, ಡೊಮೇನ್ ಎಲ್ಲಿದೆ, ಯಾವ ತಿಂಗಳು ನವೀಕರಿಸಬೇಕು, ಎಲ್ಲ ಸೇರಿ ಹದಿನೆಂಟು ಸಾಲು. ಹೊಸ ಟೂಲ್ ನೋಡಿದಾಗಲೆಲ್ಲ, ಅದನ್ನು ಬಳಸಿದರೆ ಈ ಫೈಲ್ ಎಷ್ಟು ಉದ್ದ ಆಗುತ್ತದೆ ಅಂತ ಬರೆದು ನೋಡುತ್ತೇನೆ. ಹೋದ ತಿಂಗಳು ಒಂದು ತಪ್ಪಕ್ಷರ ಕಣ್ಣಿಗೆ ಬಿತ್ತು. ಸೈಟ್ ಮುಟ್ಟಿ ಒಂಬತ್ತು ತಿಂಗಳಾಗಿತ್ತು. ಫೈಲ್ ತೆರೆದು ಓದಿ, ತಿದ್ದಿ, ಕಟ್ಟಿ, ಏರಿಸಿದೆ. ನಾಲ್ಕು ನಿಮಿಷ ಹಿಡಿಯಿತು.